ಮೇಷ್ಟ್ರು ತೆಗೆದ ಕೊಂಬು

ಗುಡೇಕೋಟೆ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗೆ ಹೋದವರು ಎರಡು ಕೆಲಸ ಮುಗಿಸಿಕೊಂಡು ಬರುತ್ತಾರೆ. ಒಂದು, ಅರ್ಜಿ ಬರೆಸುವುದು. ಇನ್ನೊಂದು, ಕಾಗುಣಿತಕ್ಕೆ ಬೈಸಿಕೊಳ್ಳುವುದು. ಮೊದಲನೆಯದಕ್ಕೆ ದುಡ್ಡು ಕೊಡಬೇಕು. ಎರಡನೆಯದು ಏಕಾಂತಪ್ಪ ಮೇಷ್ಟ್ರ ಕಡೆಯಿಂದ ಪುಕ್ಕಟೆ.

ಮೇಷ್ಟ್ರು ಮೂವತ್ತನಾಲ್ಕು ವರ್ಷ ಹಿರೇಹಡಗಲಿ, ಹೊಳಲು, ಕೊನೆಗೆ ಗುಡೇಕೋಟೆ ಎಂದು ಸುತ್ತಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಆದರೆ ಅವರ ಜೇಬಿನ ಕೆಂಪು ಪೆನ್ನು ನಿವೃತ್ತಿಗೆ ಒಪ್ಪಿರಲಿಲ್ಲ. ಮದುವೆಗೆ ಕರೆಯಲು ಬಂದವರ ಎದುರಿಗೇ ಕಾರ್ಡು ಬಿಚ್ಚಿ, ಮದುಮಗಳ ಹೆಸರಿಗೆ ಒತ್ತಕ್ಷರ ಬಿದ್ದಿಲ್ಲವೆಂದು ಗುಂಡು ಸುತ್ತಿ, ಮರಳಿ ಅವರ ಕೈಗೇ ಕೊಡುತ್ತಿದ್ದರು. ಒಮ್ಮೆ ಕೋಳಿ ಅಂಗಡಿಯ ಬೋರ್ಡಿನಲ್ಲಿ ‘ಕೊಳಿ’ ಎಂದಿದ್ದುದನ್ನು ಕಂಡು, ಬದುಕಿನಲ್ಲಿ ಮೊಟ್ಟೆಯನ್ನೂ ಮುಟ್ಟದ ಈ ಮನುಷ್ಯ, ಅಂಗಡಿಯವನಿಂದಲೇ ಸ್ಟೂಲು ತರಿಸಿ, ಹತ್ತಿ ನಿಂತು ದೀರ್ಘ ಎಳೆದು ಬಂದಿದ್ದರು. ಊರಿನವರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಮೇಷ್ಟ್ರಿಗೆ ಎರಡು ಕೊಂಬು ಅದಾವ ಎಂದು ಹಿಂದಿನಿಂದ ಆಡಿಕೊಂಡು, ಮುಂದಿನಿಂದ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಅಂಗಡಿಯ ಕಂಪ್ಯೂಟರು ಸೊಸೆ ಸುಮಲತಾಳ ಕೈಯಲ್ಲಿತ್ತು. ಮೇಷ್ಟ್ರು ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಉಕ್ತಲೇಖನ ಹೇಳುತ್ತಿದ್ದರು. ಬಂದವರು ಹೇಳಿದ್ದನ್ನು ಅವರು ಶುದ್ಧ ಮಾಡಿ ಹೇಳಬೇಕು, ಅವರು ಹೇಳಿದ್ದನ್ನು ಸುಮಲತಾ ಟೈಪು ಮಾಡಬೇಕು. ಈ ದಾರಿಯಲ್ಲಿ ಬಂದವರ ಮಾತು ಎಷ್ಟು ಉಳಿಯುತ್ತಿತ್ತು ಎಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಮೇಷ್ಟ್ರು ಅರ್ಜಿಯನ್ನು ಓದುತ್ತಿದ್ದುದು ಕಾಗುಣಿತಕ್ಕಾಗಿ. ಅರ್ಥ ನೋಡುವುದು ಆಫೀಸಿನವರ ಕೆಲಸವೆಂದು ಅವರು ನಂಬಿದ್ದರು.

ಹಾಗಿರುವಾಗ ಒಂದು ದಿನ, ಮಳೆಗಾಲ ನಡುವಿಗೆ ಬಂದಿದ್ದಾಗ, ಗಿಡ್ಡಮ್ಮ ಬಂದಳು. ಕವಲುಗುಡ್ಡದ ಬುಡದ ಕೇರಿಯವಳು, ಐವತ್ತೈದರ ಆಚೀಚೆಯ ಹೆಂಗಸು, ಅಲ್ಲಿನ ರಮಾಬಾಯಿ ಮಹಿಳಾ ಸಂಘದ ಅಧ್ಯಕ್ಷೆ. ಸಂಘದಲ್ಲಿ ಹನ್ನೊಂದು ಮಂದಿ. ದಸರೆಯ ಹೊತ್ತಿಗೆ ಅವರೆಲ್ಲ ಗುಡ್ಡ ಹತ್ತಿ ಸೀತಾಫಲ ಕಿತ್ತು, ಬುಟ್ಟಿ ತುಂಬಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣಗಳಲ್ಲಿ ಕೂತು ಮಾರುತ್ತಾರೆ. ಮನೆಯ ಹೆಂಚು, ಮಕ್ಕಳ ಹಾಸ್ಟೆಲ್ಲಿನ ಟ್ರಂಕು, ವರ್ಷದ ಬಟ್ಟೆ, ಎಲ್ಲ ಆ ಎರಡು ತಿಂಗಳಿನಲ್ಲೇ ಆಗಬೇಕು. ಗುಡ್ಡ ಅರಣ್ಯ ಇಲಾಖೆಯದು. ಹತ್ತಬೇಕಾದರೆ ವರ್ಷವರ್ಷವೂ ಪಾಸು ಬೇಕು, ಅದಕ್ಕಾಗಿ ವರ್ಷವರ್ಷವೂ ಅಲೆಯಬೇಕು. ಈ ಸಲ ಇಲಾಖೆ ಹೊಸದೊಂದು ಮಾತು ಹೇಳಿತ್ತು: ಅಪರೂಪದ ಪ್ರಾಣಿಯ ಜಾಗವನ್ನು ಯಾವ ಸಂಘ ತಾನಾಗಿ ಕಾಯುತ್ತದೋ ಅದಕ್ಕೆ ಒಂದೇ ಸಲಕ್ಕೆ ಐದು ವರ್ಷದ ಪಾಸು. ಯಾವ ಪ್ರಾಣಿ, ಎಲ್ಲಿದೆ, ಹೇಗೆ ಕಾಯುತ್ತೀರಿ ಎಂದು ಅರ್ಜಿಯಲ್ಲಿ ಬರೆದುಕೊಟ್ಟರೆ ಸಾಕು.

ಮೇಷ್ಟ್ರು ಅವಳನ್ನು ಕಂಡು, “ಬಾ ಗಿಡ್ಡಮ್ಮ, ಹೇಳು,” ಎಂದರು. ಹನ್ನೆರಡು ವರ್ಷದಿಂದ ಅವರು ಅವಳಿಗೆ ‘ಬಾ’, ‘ಹೇಳು’ ಎಂದೇ ಅನ್ನುತ್ತಿದ್ದರು. ಅವಳಿಗಿಂತ ಮೂವತ್ತು ವರ್ಷ ಚಿಕ್ಕವಳಾದ ಬ್ಯಾಂಕಿನ ಹುಡುಗಿ ಬಂದರೆ ಮಾತ್ರ ‘ಬರ್ರಿ, ಕುಂದರ್ರಿ’ ಆಗುತ್ತಿತ್ತು. ಇದನ್ನು ಯಾರೂ ವ್ಯಾಕರಣದೋಷವೆಂದು ಎಣಿಸಿರಲಿಲ್ಲ, ಮೇಷ್ಟ್ರಂತೂ ಎಣಿಸಿರಲಿಲ್ಲ.

ಗಿಡ್ಡಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. “ಬರಕೊಳ್ರಿ ಮೇಷ್ಟ್ರೆ. ನಮ್ಮ ಗುಡ್ಡದಾಗ ನಾಲ್ಕು ಕೊಂಬಿನ ಕೊಂಡುಕುರಿ ಅದಾವ. ಅವನ್ನ ನಮ್ಮ ಸಂಘದೋರ ಕಾಯ್ತೀವಿ.”

ಸುಮಲತಾ ಹಾಗೆಯೇ ಟೈಪು ಮಾಡಿದಳು. ಮೇಷ್ಟ್ರು ಪರದೆಯ ಕಡೆ ಬಗ್ಗಿ ನೋಡಿದರು. ಒಂದು ಸಾಲಿನಲ್ಲಿ ಮೂರು ತಪ್ಪು. ಅವರಿಗೆ ಒಳಗೊಳಗೇ ಸಂತೋಷವಾಯಿತು.

ಮೊದಲನೆಯ ತಪ್ಪು ‘ಅದಾವ’ ಎಂಬುದು. ಅದು ಬಹುವಚನ, ಹಾಗಾದರೆ ‘ಕುರಿ’ ಎಂದು ಬಿಡುವುದು ಹೇಗೆ, ‘ಕುರಿಗಳು’ ಆಗಬೇಕು. “ಒಂದಿದ್ರ ಏಕವಚನ, ಒಂದಕ್ಕಿಂತ ಹೆಚ್ಚಿದ್ರ ಬಹುವಚನ. ಇದರಾಗ ಯಾರಿಗೂ ರಿಯಾಯಿತಿ ಇಲ್ಲ ನೋಡು,” ಎಂದು ಗಿಡ್ಡಮ್ಮನಿಗೆ ಬೆರಳು ಎತ್ತಿ ತೋರಿಸಿದರು. ಎರಡನೆಯ ತಪ್ಪು ‘ನಾಲ್ಕು’ ಎಂಬುದರ ಜಾಗ. ಜಗತ್ತಿನಲ್ಲಿ ಯಾವ ಕುರಿಗೂ ನಾಲ್ಕು ಕೊಂಬಿಲ್ಲ. ಆದ್ದರಿಂದ ಆ ನಾಲ್ಕು ಕುರಿಯ ಲೆಕ್ಕವೇ ಹೊರತು ಕೊಂಬಿನದಲ್ಲ. ಮೂರನೆಯದು ಎಲ್ಲಕ್ಕಿಂತ ಘೋರವಾದುದು. ‘ಕೊಂಡು’ ಎಂಬುದು ಕೃದಂತಾವ್ಯಯ. ಅವ್ಯಯವನ್ನು ಹಿಡಿದು ತಂದು ನಾಮಪದಕ್ಕೆ ಅಂಟಿಸಿದರೆ ಭಾಷೆ ಉಳಿಯುತ್ತದೆಯೇ? ಸಂತೆಯಲ್ಲಿ ಕೊಂಡು ತಂದ ಕುರಿಯಾದರೆ ‘ಕೊಂಡ ಕುರಿ’ ಆಗಬೇಕು.

“ಆ ಡಕ್ಕೆ ಕೊಟ್ಟಿರೋ ಕೊಂಬು ತೆಗಿಯಮ್ಮ,” ಎಂದರು ಸೊಸೆಗೆ.

ಗಿಡ್ಡಮ್ಮ ಅದು ಕಾಡಿನ ಪ್ರಾಣಿ ಎಂದು ಏನೋ ಹೇಳಹೋದಳು. ಮೇಷ್ಟ್ರು ಅಷ್ಟರಲ್ಲಿ ಅವ್ಯಯಕ್ಕೆ ಇನ್ನೂ ಎರಡು ಉದಾಹರಣೆ ಕೊಡುತ್ತಿದ್ದರು. ಸುಮಲತಾ ಒಂದು ಸಲ ಫೋನಿನಲ್ಲಿ ಹುಡುಕಿ ನೋಡಲೇ ಎಂದು ಕೇಳಿದಳು. ಫೋನು ನೋಡಿ ಕನ್ನಡ ಕಲಿಯುವ ಕಾಲ ಈ ಮನೆಗೆ ಇನ್ನೂ ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಅವಳು ಕೊಂಬು ತೆಗೆದಳು. ಅರ್ಜಿಯ ಸಾಲು ಕೊನೆಗೆ ಹೀಗೆ ನಿಂತಿತು: ‘ನಮ್ಮ ಗುಡ್ಡದಲ್ಲಿ ಕೊಂಬುಳ್ಳ ಕೊಂಡ ಕುರಿಗಳು ನಾಲ್ಕು ಇದ್ದು, ಅವುಗಳನ್ನು ನಮ್ಮ ಸಂಘದವರೇ ಕಾಯುತ್ತಾ ಬಂದಿರುತ್ತೇವೆ.’

ಗಿಡ್ಡಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲಳು. ಆದರೆ ಮೇಷ್ಟ್ರು ಬರೆಸಿದ್ದನ್ನು ಮೇಷ್ಟ್ರ ಎದುರಿಗೇ ಕೂಡಿಸಿ ಓದುವ ಧೈರ್ಯ ಗುಡೇಕೋಟೆಯಲ್ಲಿ ಯಾರಿಗೂ ಇರಲಿಲ್ಲ. ತೋರಿಸಿದ ಕಡೆ ಸಹಿ ಮಾಡಿ ಹೋದಳು.

ತಿಂಗಳು ಕಳೆದ ಮೇಲೆ ಉತ್ತರ ಬಂತು. ಗಿಡ್ಡಮ್ಮ ಲಕೋಟೆ ಒಡೆಯದೆ ನೇರವಾಗಿ ಅಂಗಡಿಗೆ ತಂದಳು. ಐದು ವರ್ಷದ ಪಾಸಿನ ಸುದ್ದಿಯನ್ನು ಅರ್ಜಿ ಬರೆದವರ ಬಾಯಿಂದಲೇ ಕೇಳಬೇಕೆಂದು ಅವಳ ಆಸೆ. ಮೇಷ್ಟ್ರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ಹಾಗೆ ಓದಿದರು. ‘ತಾವು ಕೊಂಡಿರುವ ನಾಲ್ಕು ಕುರಿಗಳನ್ನು ಅರಣ್ಯ ಪ್ರದೇಶದಲ್ಲಿ ಕಾಯುತ್ತಿರುವುದಾಗಿ ತಾವೇ ಲಿಖಿತವಾಗಿ ಒಪ್ಪಿಕೊಂಡಿರುತ್ತೀರಿ. ಕುರಿ ಮೇಯಿಸುವವರಿಗೆ ಪಾಸು ನೀಡಲು ಅವಕಾಶವಿರುವುದಿಲ್ಲ. ಸ್ಥಳ ಪರಿಶೀಲನೆ ಮುಗಿಯುವವರೆಗೆ ಸಂಘದ ಸದಸ್ಯರು ಗುಡ್ಡವನ್ನು ಪ್ರವೇಶಿಸತಕ್ಕದ್ದಲ್ಲ.’ ಕೆಳಗೆ ಇನ್ನೊಂದು ಸಾಲಿತ್ತು. ಸದರಿ ನಾಲ್ಕು ಕುರಿಗಳಿಗೆ ಲಸಿಕೆ ಮತ್ತು ಕಿವಿಓಲೆ ಹಾಕಲು ಪಶು ಆಸ್ಪತ್ರೆಗೆ ಪ್ರತಿ ಕಳಿಸಲಾಗಿತ್ತು.

ಗಿಡ್ಡಮ್ಮ ಕಾಗದದ ಕಡೆ ಬಗ್ಗಿದಳು. “ಯಾವ ಕುರಿರಿ ಮೇಷ್ಟ್ರೆ? ನಮ್ಮ ಮನ್ಯಾಗ ಕೋಳಿಗೂ ಗತಿ ಇಲ್ಲ,” ಎಂದಳು. ಆಮೇಲೆ, ಹಣೆ ಒರೆಸಿಕೊಳ್ಳುತ್ತ, ನಲವತ್ತು ವರ್ಷದಿಂದ ತನಗೆ ಸರ್ಕಾರ ಒಂದು ಓಲೆ ಮಾಡಿಸಿಕೊಟ್ಟಿಲ್ಲ, ಇಲ್ಲದ ಕುರಿಗೆ ನಾಲ್ಕು ಓಲೆ ಕಳಿಸುತ್ತದೆಯಲ್ಲ ಎಂದಳು. ಕೊಂಡುಕುರಿಯೆಂದರೆ ಜಿಂಕೆಯಂಥ ಕಾಡುಪ್ರಾಣಿ, ಗಂಡಿನ ತಲೆಯ ಮೇಲೆ ಹಿಂದೆರಡು ಮುಂದೆರಡು ಕೊಂಬು, ಇದು ಗುಡ್ಡದ ಬುಡದಲ್ಲಿ ಕೂಸಿಗೂ ಗೊತ್ತು ಎಂದಳು. ಅದನ್ನು ಯಾರು ಸಂತೆಯ ಕುರಿ ಮಾಡಿದರು ಎಂದು ಕೇಳಿದಳು.

ಏಕಾಂತಪ್ಪನವರ ಕಿವಿ ಬಿಸಿಯಾಯಿತು. ಕೆಂಪು ಪೆನ್ನು ಎದೆಗೆ ಚುಚ್ಚುತ್ತಿದೆಯೇನೋ ಎನಿಸಿ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬಾಯಿ ತಾನಾಗಿಯೇ ಒಂದು ಮಾತು ಆಡಿಬಿಟ್ಟಿತು.

“ಆಫೀಸಿನೋರು ಯಾರೋ ತಪ್ಪು ಓದ್ಯಾರ. ಈಗಿನ ಹುಡುಗ್ರಿಗೆ ಕನ್ನಡ ಎಲ್ಲಿ ಬರ್ತೈತಿ.”

ಸುಮಲತಾಳ ಕೀಬೋರ್ಡಿನ ಸದ್ದು ನಿಂತಿತು. ಅವಳು ತಿರುಗಿ ಮಾವನನ್ನು ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮೇಷ್ಟ್ರಿಗೆ ಆಮೇಲೆ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವರು ಮೊದಲು ಅಟ್ಟಕ್ಕೆ ಕೈ ಹಾಕಿದರು. ಅಲ್ಲಿ ಅವರ ದೊಡ್ಡ ನಿಘಂಟು ಮಡಿ ವಸ್ತ್ರದಲ್ಲಿ ಸುತ್ತಿಕೊಂಡು ಕೂತಿತ್ತು. ಅದನ್ನು ಅವರು ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ, ಬಿಚ್ಚುವ ಪ್ರಸಂಗ ಬರುತ್ತದೆಂದು ಅಂದುಕೊಂಡಿರಲೂ ಇಲ್ಲ. ಧೂಳು ಒರೆಸಿ ಕಕಾರ ತೆಗೆದರು. ‘ಕೊಂಡುಕುರಿ: ನಾಲ್ಕು ಕೊಂಬುಗಳುಳ್ಳ ಒಂದು ಬಗೆಯ ಕಾಡು ಹುಲ್ಲೆ.’ ಅಷ್ಟೇ ಇತ್ತು. ಅವ್ಯಯವೂ ಇಲ್ಲ, ಸಂತೆಯೂ ಇಲ್ಲ. ಸಾಯುವ ತನಕ ಒಬ್ಬ ಮನುಷ್ಯ ತಪ್ಪು ಮಾಡದೆ ಇರಬಹುದೆಂದು ಅವರು ತಿಳಿದಿದ್ದರು. ಈಗ ನೋಡಿದರೆ ಅಕಾರದಿಂದ ಕಕಾರ ದಾಟುವಷ್ಟರಲ್ಲೇ ಮುಗ್ಗರಿಸಿದ್ದರು. ಹೆಂಡತಿ ದಾಕ್ಷಾಯಣಮ್ಮ ಎರಡನೇ ರೊಟ್ಟಿ ಹಾಕಲು ಬಂದರೆ ಕೈ ಅಡ್ಡ ಹಿಡಿದರು.

ಸಂಜೆ ಹೋಗಿ ಗಿಡ್ಡಮ್ಮನಿಗೆ ಹೇಳಿಬಿಡಬೇಕು ಎಂದುಕೊಂಡರು. ಸಂಜೆ ಆದಾಗ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡರು. ಬೆಳಿಗ್ಗೆ ಅಂಗಡಿಯ ಮುಂದೆ ಹಾದು ಹೋದ ಗಿಡ್ಡಮ್ಮ ತಾನಾಗಿಯೇ ನಿಂತು, ಕಾಯಿ ಕಣ್ಣು ಬಿಡಾಕ ಹತ್ತ್ಯಾವ ಮೇಷ್ಟ್ರೆ, ಇನ್ನು ಎಂಟು ದಿನ ಬಿಟ್ರ ಹಕ್ಕಿಪಾಲು ಎಂದಳು. ಸೀತಾಫಲದ ಕಣ್ಣುಗಳ ನಡುವೆ ಬಿಳಿ ಗೆರೆ ಕಂಡಿತೆಂದರೆ ಕೀಳಲೇಬೇಕು. ಮೇಷ್ಟ್ರು ತಲೆಯಾಡಿಸಿದರು. ಹನ್ನೊಂದು ಹೆಂಗಸರ ಎರಡು ತಿಂಗಳು ತಮ್ಮ ಒಂದು ಕೊಂಬಿನಲ್ಲಿ ಸಿಕ್ಕಿಕೊಂಡಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಏಳಲಿಲ್ಲ. ಬೇರೆಯವರ ತಪ್ಪನ್ನು ಹೇಳಿ ಪಳಗಿದ ಬಾಯಿಗೆ ತನ್ನದನ್ನು ಹೇಳುವ ರೂಢಿ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಶು ಆಸ್ಪತ್ರೆಯ ತಿಪ್ಪೇಶ ಬೈಕಿನಲ್ಲಿ ಗಿಡ್ಡಮ್ಮನ ಕೇರಿಗೆ ಬಂದಿಳಿದ. ಅವನ ಚೀಲದಲ್ಲಿ ಲಸಿಕೆಯ ಡಬ್ಬಿ, ನಾಲ್ಕು ಹಳದಿ ಕಿವಿಓಲೆ, ಅವನ್ನು ಕಿವಿಗೆ ಒತ್ತುವ ಇಕ್ಕಳ. ಕುರಿ ಎಲ್ಲಿ ಕಟ್ಟೀರಿ ಎಂದು ಕೇರಿಯಲ್ಲಿ ಮನೆಮನೆ ಕೇಳಿಕೊಂಡು ಬಂದವನಿಗೆ ಪ್ರತಿ ಮನೆಯಲ್ಲೂ ಚಹಾ ಸಿಕ್ಕಿತ್ತೇ ಹೊರತು ಕುರಿ ಸಿಕ್ಕಿರಲಿಲ್ಲ. ಅವನ ಬೆನ್ನಿಗೇ ಜೀಪು ಬಂತು. ಇಳಿದವನು ಉಪವಲಯ ಅರಣ್ಯಾಧಿಕಾರಿ ಕ್ರಾಂತಿಕುಮಾರ್, ಹರಪನಹಳ್ಳಿಯ ಕಡೆಯವನು, ಮೂವತ್ತೆರಡರ ಹುಡುಗ. ಗಿಡ್ಡಮ್ಮ ಇಬ್ಬರನ್ನೂ ಕರೆದುಕೊಂಡು ನೇರ ಝೆರಾಕ್ಸ್ ಅಂಗಡಿಗೆ ಬಂದಳು. ನೀವ ಬರದೀರಿ, ನೀವ ಬಂದು ಆಫೀಸಿನೋರ ತಪ್ಪು ತೋರಸ್ರಿ ಎಂದು ಮೇಷ್ಟ್ರನ್ನು ಎಬ್ಬಿಸಿದಳು. ಮೇಷ್ಟ್ರಿಗೆ ಮಂಡಿನೋವು ನೆನಪಾಯಿತು, ಕರೆಂಟು ಬಿಲ್ಲು ನೆನಪಾಯಿತು. ಎರಡೂ ಕೆಲಸಕ್ಕೆ ಬರಲಿಲ್ಲ.

ಅಷ್ಟರಲ್ಲಿ ಕ್ರಾಂತಿಕುಮಾರ್ ಮುಂದೆ ಬಂದು ಅವರ ಕಾಲು ಮುಟ್ಟಿದ. “ಸಾರ್, ನಾನು ಹಿರೇಹಡಗಲಿ ಸ್ಕೂಲಾಗೆ ಏಳನೇ ಕ್ಲಾಸು. ‘ಗುರು’ ಅಂತ ಬರಿಯೋವಾಗ ಒಂದು ಕೊಂಬು ಬಿಟ್ಟಿದ್ದಕ್ಕೆ ನೂರು ಸಲ ಬರೆಸಿದ್ರಿ. ಗುರುತು ಸಿಕ್ತಾ?”

ಮೇಷ್ಟ್ರಿಗೆ ಗುರುತು ಸಿಗಲಿಲ್ಲ. ನೂರು ಸಲ ಬರೆದವರ ಸಂಖ್ಯೆ ಅಷ್ಟು ದೊಡ್ಡದಿತ್ತು. ಆದರೆ ಕೊಂಬು ಎಂಬ ಮಾತು ಕಿವಿಗೆ ಬಿದ್ದದ್ದೇ, ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಗುಡ್ಡ ದೂರದಿಂದ ಸಣ್ಣದು, ಹತ್ತುವಾಗ ದೊಡ್ಡದು. ಉದುರುಕಲ್ಲಿನ ಮೇಲೆ ಮೇಷ್ಟ್ರ ಪಂಚೆ ಒಂದು ಕಡೆ, ಅವರು ಒಂದು ಕಡೆ ಆದರು. ಕಾರೆಮುಳ್ಳು ಎರಡು ಸಲ ಅಂಚು ಹಿಡಿದು ನಿಲ್ಲಿಸಿಕೊಂಡಿತು, ಎರಡು ಸಲವೂ ತಿಪ್ಪೇಶ ಬಿಡಿಸಿದ. ಗಿಡ್ಡಮ್ಮ ಮಾತ್ರ ತನ್ನ ಮನೆಯ ಅಂಗಳದಲ್ಲಿ ನಡೆಯುವಂತೆ ಮುಂದೆ ಮುಂದೆ ಹೋಗುತ್ತಿದ್ದಳು. ದಾರಿಯ ಎರಡೂ ಬದಿಗೆ ಸೀತಾಫಲದ ಗಿಡಗಳು ತುಂಬಿ ನಿಂತಿದ್ದವು. ಒಂದೆರಡು ಕಾಯಿ ಆಗಲೇ ಹಣ್ಣಾಗಿ ಒಡೆದು, ಇರುವೆ ಮುತ್ತಿದ್ದವು. ಗಿಡ್ಡಮ್ಮ ಅವುಗಳ ಹತ್ತಿರ ನಿಲ್ಲಲಿಲ್ಲ, ಮಾತೂ ಆಡಲಿಲ್ಲ. ಮೇಷ್ಟ್ರಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು.

ಗುಡ್ಡದ ಹಿಂಬದಿಯಲ್ಲಿ ಒಂದು ಕಿರಿದಾದ ಕೊರಕಲು ಇತ್ತು. ಅದರ ಬಾಯಿಗೆ ಎರಡು ಗಿಡಗಳ ನಡುವೆ ಹಳೆಯ ಹೂವಿನ ಸೀರೆಯೊಂದನ್ನು ಅಡ್ಡ ಕಟ್ಟಿದ್ದರು. ಕ್ರಾಂತಿಕುಮಾರ್ ಇದೇನೆಂದು ಕೇಳಿದ. ಗಿಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು, ಇದು ಬಾಣಂತಿ ಓಣಿ ಎಂದಳು.

ಬಾಣಂತಿಯ ಕೋಣೆಗೆ ಪರದೆ ಕಟ್ಟುವ ಹಾಗೆ ಸಂಘದವರೇ ಇದನ್ನು ಕಟ್ಟಿದ್ದರು. ಕೊಂಡುಕುರಿ ಮರಿ ಹಾಕುವುದೂ ಸೀತಾಫಲ ಕಣ್ಣು ಬಿಡುವುದೂ ಹೆಚ್ಚುಕಡಿಮೆ ಒಂದೇ ಕಾಲ. ಅದಕ್ಕೆ ಪರದೆಯ ಆಚೆ ಯಾರೂ ಹೋಗುವಂತಿಲ್ಲ, ಆಚೆಯ ಹಣ್ಣು ಎಷ್ಟೇ ದೊಡ್ಡದಿರಲಿ ಕೀಳುವಂತಿಲ್ಲ, ನಾಯಿ ತರುವಂತಿಲ್ಲ, ಜಗಳ ಇದ್ದರೆ ಗುಡ್ಡ ಇಳಿದ ಮೇಲೆ ಆಡಬೇಕು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು ಎಂದು ಗಿಡ್ಡಮ್ಮ ಪಿಸುದನಿಯಲ್ಲೇ ಒಪ್ಪಿಕೊಂಡಳು. ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ. ಗಿಡ್ಡಮ್ಮನ ಅತ್ತೆಯ ಕಾಲದಿಂದ ನಡೆದು ಬಂದದ್ದು.

ಪರದೆಯ ಈಚೆ, ಒಂದು ಬಂಡೆಯ ಪಕ್ಕಕ್ಕೆ, ಹಿಕ್ಕೆಯ ಸಣ್ಣ ರಾಶಿ ಇತ್ತು. ತಿಪ್ಪೇಶ ಕೂತು ಒಂದನ್ನು ಎತ್ತಿ, ಮುರಿದು, ಮೂಸಿ ನೋಡಿದ. ಹದಿನೈದು ವರ್ಷ ಕುರಿಗಳ ನಡುವೆ ಕಳೆದವನು. “ಇದು ಕುರಿದಲ್ರಿ ಸಾಹೇಬ್ರ. ಕುರಿ ನಡಕೋಂತ ಹಾಕ್ಕೋಂತ ಹೋಗ್ತಾವ. ಇದು ದಿನಾ ಒಂದ ಜಾಗಕ್ಕ ಬಂದು ಹೋಗೈತಿ,” ಎಂದ. ಹಾಗೆ ಹೇಳಿ ಕಿವಿಓಲೆಯ ಚೀಲದ ಬಾಯಿ ಬಿಗಿದು ಕಟ್ಟಿದ.

ಆಗ ಗಿಡ್ಡಮ್ಮ ಕೈ ಅಡ್ಡ ಹಿಡಿದಳು. ಪರದೆಯ ಆಚೆ, ಹುಲ್ಲಿನ ನಡುವೆ, ಮೇಕೆಗಿಂತ ತುಸು ಎತ್ತರದ ಕಂದು ಪ್ರಾಣಿಯೊಂದು ನಿಂತಿತ್ತು. ಸಣ್ಣ ಕಾಲು, ಒದ್ದೆ ಮೂಗು, ದೊಡ್ಡ ಕಿವಿ. ಅದು ಇವರನ್ನು ನೋಡಿತು. ಹತ್ತಿಪ್ಪತ್ತು ಸಾವಿರ ಹಾಳೆ ತಿದ್ದಿದ ಏಕಾಂತಪ್ಪನವರು ಮೊದಲ ಸಲ ಒಂದು ಪದವನ್ನು ಕಣ್ಣಾರೆ ನೋಡುತ್ತಿದ್ದರು. ಉಸಿರು ಬಿಗಿ ಹಿಡಿದು ಅದರ ತಲೆಯ ಮೇಲೆ ಲೆಕ್ಕ ಹಾಕಿದರು. ಒಂದೂ ಇರಲಿಲ್ಲ.

“ಕೊಂಬು?” ಎಂದರು, ತುಟಿ ಅಲುಗಿಸದೆ.

“ಅದು ಹೆಣ್ಣುರಿ. ಹೆಣ್ಣಿಗೆ ಕೊಂಬಿರಂಗಿಲ್ಲ,” ಎಂದಳು ಗಿಡ್ಡಮ್ಮ. “ಆದ್ರೂ ಅದು ಕೊಂಡುಕುರಿನ.”

ಪ್ರಾಣಿ ಒಂದು ಕಾಲನ್ನು ನೆಲಕ್ಕೆ ಕುಟ್ಟಿ, ತಿರುಗಿ, ಹೆಜ್ಜೆಯನ್ನು ಎತ್ತೆತ್ತಿ ಇಡುತ್ತ ಪೊದೆಯೊಳಗೆ ಹೋಯಿತು. ಅದರ ಹಿಂದೆ ಹುಲ್ಲು ಇನ್ನೊಂದು ಸಲ ಅಲುಗಿತು. ಮರಿಯಿರಬೇಕು. ಕ್ರಾಂತಿಕುಮಾರನ ಮುಖ ಅಧಿಕಾರಿಯದಾಗಿ ಉಳಿದಿರಲಿಲ್ಲ. ಕೆಲಸಕ್ಕೆ ಸೇರಿ ಆರು ವರ್ಷವಾಯಿತು, ಕ್ಯಾಮೆರಾ ಕಟ್ಟಿ ಕಾದರೂ ಕಂಡಿರಲಿಲ್ಲ, ಇವತ್ತು ಕುರಿ ಎಣಿಸಲು ಬಂದಾಗ ಕಂಡಿತು ಎಂದು ನಕ್ಕ.

ಕೆಳಗೆ ಇಳಿದು ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಅವನು ಕಡತ ಬಿಚ್ಚಿದ. ಈಗ ಮತ್ತೆ ಅಧಿಕಾರಿಯಾದ. ಪ್ರಾಣಿ ನಿಜ, ಕಾಯುವುದೂ ನಿಜ. ಆದರೆ ಅರ್ಜಿ ಸುಳ್ಳು. ತಪ್ಪು ಮಾಹಿತಿ ಬರೆದುಕೊಟ್ಟ ಸಂಘಕ್ಕೆ ಪಾಸಿಲ್ಲ ಎಂಬುದು ಅದೇ ಯೋಜನೆಯ ನಿಯಮ. ಆಫೀಸಿನಲ್ಲಿ ಯಾರಾದರೂ ತಪ್ಪು ಓದಿದ್ದರೆ ಬೇರೆ ಮಾತಿತ್ತು. ಮೂಲ ಅರ್ಜಿ ಇಲ್ಲೇ ಇದೆ, ಅದರಲ್ಲಿ ಕೊಂಡ ಕುರಿ ಎಂದೇ ಸ್ಪಷ್ಟವಾಗಿದೆ, ಕೆಳಗೆ ಗಿಡ್ಡಮ್ಮನ ಸಹಿ ಇದೆ. “ಇದು ಹೆಂಗಾತು ಅಂತ ಯಾರಾದ್ರೂ ಹೇಳಿದ್ರೆ ನಾನು ಬರ್ಕೊಳ್ತೀನಿ. ಇಲ್ಲಾಂದ್ರೆ ನನ್ ಕೈಯಾಗೆ ಏನೂ ಇಲ್ಲ,” ಎಂದ.

ಗಿಡ್ಡಮ್ಮ ಮೇಷ್ಟ್ರ ಕಡೆ ನೋಡಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಸೀತಾಫಲದ ಗಿಡಗಳ ಕಡೆ ನೋಡುತ್ತಿದ್ದಳು. ಪಾಠ ಬಾರದ ಹುಡುಗನಿಗೆ ತುಸು ಹೊತ್ತು ಕೊಟ್ಟು ಸುಮ್ಮನೆ ಕಿಟಕಿಯಾಚೆ ನೋಡುವ ಒಳ್ಳೆಯ ಮೇಷ್ಟ್ರುಗಳಿರುತ್ತಾರೆ. ಏಕಾಂತಪ್ಪನವರು ಯಾವತ್ತೂ ಅಂಥವರಾಗಿರಲಿಲ್ಲ. ಆ ಮೌನದಲ್ಲಿ ಅವರಿಗೆ ಅರ್ಥವಾಯಿತು, ಇವಳಿಗೆ ಗೊತ್ತಿದೆ.

ಅವರು ಎದ್ದು ನಿಂತರು. ತರಗತಿಯಲ್ಲಿ ಉತ್ತರ ಹೇಳುವವರು ಎದ್ದು ನಿಲ್ಲಬೇಕೆಂಬುದು ಅವರದೇ ನಿಯಮ.

“ತಪ್ಪು ನಂದು. ಈಕಿ ಸರಿಯಾಗೇ ಹೇಳಿದ್ಲು, ಕೊಂಬು ತೆಗದಾಂವ ನಾನು,” ಎಂದರು. “ಆಫೀಸಿನೋರ ತಪ್ಪು ಅಂದದ್ದೂ ನಾನ. ಅದು ಇನ್ನೊಂದು ತಪ್ಪು.”

ಹೇಳಿದ ಮೇಲೆ ಮಂಡಿನೋವೂ ಸ್ವಲ್ಪ ಕಡಿಮೆಯಾದ ಹಾಗಾಯಿತು. ಕ್ರಾಂತಿಕುಮಾರ್ ಅರ್ಜಿಯನ್ನು ಅವರ ಮುಂದೆ ಹಿಡಿದ. ಏಕಾಂತಪ್ಪನವರು ಕೆಂಪು ಪೆನ್ನು ತೆಗೆದು, ಬಂಡೆಯ ಮೇಲೆ ಹಾಳೆ ಹಾಸಿ, ತಮ್ಮ ಸಾಲನ್ನು ಹೊಡೆದು ಹಾಕಿದರು. ಅದರ ಮೇಲೆ ‘ನಾಲ್ಕು ಕೊಂಬಿನ ಕೊಂಡುಕುರಿ’ ಎಂದು ಬರೆದರು. ಡಕಾರದ ಕೊಂಬನ್ನು ಎರಡು ಸಲ ತೀಡಿದರು. ಅಂಚಿನಲ್ಲಿ ‘ತಪ್ಪು ಬರೆಸಿದವನದು, ಸಂಘದ್ದಲ್ಲ’ ಎಂದು ಬರೆದು, ನಿವೃತ್ತ ಕನ್ನಡ ಶಿಕ್ಷಕ ಎಂಬುದನ್ನೂ ಬಿಡದೆ, ಸಹಿ ಮಾಡಿದರು.

ಕ್ರಾಂತಿಕುಮಾರ್ ಹಾಳೆ ಮಡಚಿಕೊಂಡ. ಮೇಷ್ಟ್ರನ್ನು ತಾನು ಒಂದೇ ಸಲಕ್ಕೆ ಬಿಟ್ಟೆ, ತನಗಾದರೆ ಅವರು ನೂರು ಸಲ ಬರೆಸಿದ್ದರು ಎಂದು ತಿಪ್ಪೇಶನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ. ಮೇಷ್ಟ್ರಿಗೂ ಕೇಳಿಸಿತು.

ಇಳಿಯುವಾಗ ಮೇಷ್ಟ್ರು ಗಿಡ್ಡಮ್ಮನ ಜೊತೆ ಹಿಂದೆ ಉಳಿದರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಉತ್ತರ ಬಂದ ದಿನವೇ ಸಂಜೆ ಸುಮಲತಾ ಗಿಡ್ಡಮ್ಮನ ಮನೆಗೆ ಬಂದು ಅತ್ತು ಹೇಳಿ ಹೋಗಿದ್ದಳಂತೆ. ಮತ್ತೆ ಬಾಯಿಬಿಡಲಿಲ್ಲವೇಕೆ ಎಂದರು.

“ತಿದ್ದೋರು ನೀವು. ನಿಮ್ಮನ್ನ ನಾ ತಿದ್ದಿದ್ರ ಚೆಂದಿರ್ತಿತ್ತೇನ್ರಿ?”

“ಇವತ್ತೂ ನಾ ಹೇಳದಿದ್ರ?”

“ಹೇಳದಿದ್ರ ನಾನ ಹೇಳ್ತಿದ್ದೆ. ಹನ್ನೊಂದು ಮನಿ ಅದಾವಲ್ರಿ,” ಎಂದಳು ಗಿಡ್ಡಮ್ಮ. ಮೇಷ್ಟ್ರ ಪಂಚೆಗೆ ಹತ್ತಿದ್ದ ಮುಳ್ಳೊಂದನ್ನು ಬಗ್ಗಿ ಕಿತ್ತು ಬಿಸಾಡಿ ಮುಂದೆ ಹೋದಳು.

ಐದನೆಯ ದಿನಕ್ಕೆ ಪಾಸು ಬಂತು. ಬಾಣಂತಿ ಓಣಿಯೊಂದನ್ನು ಬಿಟ್ಟು ಕವಲುಗುಡ್ಡವೆಲ್ಲ ಐದು ವರ್ಷ ಸಂಘದ ಕೈಗೆ. ಪಾಸಿನಲ್ಲಿ ಆ ಓಣಿಯ ಹೆಸರನ್ನು ಬಾಣಂತಿ ಓಣಿ ಎಂದೇ ನಮೂದಿಸಿದ್ದರು, ಕೊಂಡುಕುರಿಗೂ ಕೊಂಬು ಸರಿಯಾಗಿತ್ತು.

ಅದೇ ವಾರ ಸುಮಲತಾ ಝೆರಾಕ್ಸ್ ಯಂತ್ರದ ಕೆಳಗೆ ಸಿಕ್ಕಿಕೊಂಡಿದ್ದ ಹಾಳೆಗಳನ್ನು ಎಳೆದು ತೆಗೆದಳು. ಮಾವನ ಗುಂಡಾದ ಅಕ್ಷರ. ಎರಡು ಹಾಳೆಯ ತುಂಬ, ಒಂದರ ಕೆಳಗೊಂದು, ಕೊಂಡುಕುರಿ, ಕೊಂಡುಕುರಿ, ಕೊಂಡುಕುರಿ. ನೂರು ಸಲ ಇತ್ತು. ಅರವತ್ತೆರಡನೆಯದರಲ್ಲಿ ಕೊಂಬು ಬಿಟ್ಟುಹೋಗಿತ್ತು. ಅವಳು ಅತ್ತಿತ್ತ ನೋಡಿ, ಮೇಜಿನ ಮೇಲಿದ್ದ ಕೆಂಪು ಪೆನ್ನಿನಿಂದ ಅದಕ್ಕೊಂದು ಕೊಂಬು ಕೊಟ್ಟು, ಹಾಳೆಗಳನ್ನು ಇದ್ದಲ್ಲಿಗೇ ತಳ್ಳಿದಳು.

ದೀಪಾವಳಿಗೆ ನಾಲ್ಕು ದಿನ ಇರುವಾಗ, ಕೊಟ್ಟೂರಿನ ಬಸ್ಸಿಗೆ ಹೊರಟಿದ್ದ ಗಿಡ್ಡಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಅಂಗಡಿಯ ಮೆಟ್ಟಿಲು ಹತ್ತಿದಳು. ಬೆಂಚಿನ ಮೇಲೆ ನಾಲ್ಕೈದು ಜನ ಅರ್ಜಿಗೆ ಕಾದು ಕೂತಿದ್ದರು. ಏಕಾಂತಪ್ಪನವರು ಕುರ್ಚಿಯಿಂದ ಎದ್ದರು.

“ಬರ್ರಿ ಗಿಡ್ಡಮ್ಮ. ಕುಂದರ್ರಿ.”

ಬೆಂಚಿನ ಮೇಲಿದ್ದವರು ತಲೆ ಎತ್ತಿದರು. ಗಿಡ್ಡಮ್ಮ ತನ್ನ ಹಿಂದೆ ಇನ್ಯಾರು ಬಂದಿದ್ದಾರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ಮೇಷ್ಟ್ರೆ, ಒಂದಿದ್ರ ಏಕವಚನ ಅಂತ ನೀವ ಹೇಳಿದ್ರಿ. ನಾ ಒಬ್ಬಾಕೀನ ಬಂದೀನಿ.”

ಮೇಷ್ಟ್ರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಗಿ, ಹಾಗೇ ಕೆಳಗಿಳಿಯಿತು. “ಇಷ್ಟು ವರ್ಷ ತಪ್ಪು ಅಂದೆ. ಈಗ ತಿದ್ದೀನಿ,” ಎಂದರು. ಆಮೇಲೆ ಬೆಂಚಿನವರಿಗೆ ಆಚೆ ಸರಿಯಿರಿ ಎಂದು ಗದರಿದರು.

ಗಿಡ್ಡಮ್ಮನವರು ಬುಟ್ಟಿ ಇಳಿಸಿ ಕೂತರು. ಚೆನ್ನಾಗಿ ಕಣ್ಣು ಬಿಟ್ಟ ದೊಡ್ಡದೊಂದು ಹಣ್ಣನ್ನು ಆರಿಸಿ ಮೇಷ್ಟ್ರ ಕೈಗೆ ಕೊಟ್ಟರು. ಬೀಜವನ್ನು ಎಲ್ಲೆಂದರಲ್ಲಿ ಉಗಿಯಬಾರದು, ಕಾಗದದಲ್ಲಿ ಕಟ್ಟಿಟ್ಟುಕೊಳ್ಳಬೇಕು, ಮುಂದಿನ ಮಳೆಗೆ ಗುಡ್ಡಕ್ಕೆ ಬೇಕಾಗುತ್ತದೆ ಎಂದು ಬೆರಳು ಎತ್ತಿ ಹೇಳಿದರು. ಮೇಷ್ಟ್ರು ತಲೆಯಾಡಿಸಿ, ಹಾಳೆ ಹುಡುಕಲು ಝೆರಾಕ್ಸ್ ಯಂತ್ರದ ಕೆಳಗೆ ಕೈ ಹಾಕಿದರು.